ಬಸ್ಸು ಹತ್ತುವ ಮೊದಲು



ಕೆಲವು ವರ್ಷಗಳ ಹಿಂದಿನ ಮಾತು. ಏಪ್ರಿಲ್ ತಿಂಗಳು, ಹೊತ್ತು ಹನ್ನೊಂದು ದಾಟಿತ್ತು. ಹೆಬ್ರಿ ಪೇಟೆಯಿಂದ ಒಳಗಿರುವ ನಮ್ಮ ಮನೆಯ ಅಂಗಳಕ್ಕೆ ಒಂದು ರಿಕ್ಷಾ ಬಂದು ನಿಂತಿತು. ಐವತ್ತು ದಾಟಿದ ಒಬ್ಬ ಹೆಂಗಸು ಮತ್ತು ಅವರ ಮಗ ಇಳಿದರು. ಶಂಕರಪುರದವರು. ಕಾಪು ತಾಲೂಕಿನ ಆ ಊರನ್ನು ನಾನು ಪರಿಚಯಿಸಬೇಕಾಗಿಲ್ಲ. ನಮ್ಮ ಮದುವೆಗೆ, ಪೂಜೆಗೆ, ಕೋಲಕ್ಕೆ ಮಲ್ಲಿಗೆ ಬರುವುದೇ ಅಲ್ಲಿಂದ. ಮಲ್ಲಿಗೆ ಬೆಳೆಯುವ ಮನೆಯಲ್ಲಿ ಬೆಳಗಿನ ಹೊತ್ತು ಎಷ್ಟು ಬೆಲೆಯುಳ್ಳದ್ದು ಎಂಬುದೂ ನಿಮಗೆ ತಿಳಿದದ್ದೇ. ನಸುಕಿನಲ್ಲಿ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಹೂವಿನ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಕಟ್ಟಿ ಮುಗಿಸುವಾಗ 3,200 ಮೊಗ್ಗು ಬೆರಳ ಸಂದಿಯಿಂದ ಹಾದುಹೋಗಿರುತ್ತವೆ.

ಆ ದಿನದ ಹೂವನ್ನು ಅವರು ನೆರೆಮನೆಯವರಿಗೆ ಒಪ್ಪಿಸಿ ಬಂದಿದ್ದರು. ಬಾವಿಯ ಪಂಪು ಸುಟ್ಟು ನಾಲ್ಕು ದಿನವಾಗಿತ್ತು. ಹೊಸದಕ್ಕೆ ಕೈಯಲ್ಲಿ ದುಡ್ಡಿಲ್ಲ. ಗಿಡ ಬಾಡುತ್ತಿತ್ತು. ಮಗ ಮೊಬೈಲಿನಲ್ಲಿ ಹುಡುಕುವಾಗ ನನ್ನ ಜಾಹೀರಾತು ಸಿಕ್ಕಿತಂತೆ. "ಒಂದೂವರೆ ಎಚ್‌ಪಿ ಪಂಪ್‌ಸೆಟ್. ಒಳ್ಳೆಯ ಕಂಡೀಷನ್. ಕ್ರಯ 6,500." ಜೊತೆಗೆ ಒಂದೇ ಒಂದು ಫೋಟೊ. ತೆಗೆಯುವ ಮೊದಲು ಪಂಪನ್ನು ಒರೆಸಿ, ಸ್ವಲ್ಪ ಎಣ್ಣೆ ಹಚ್ಚಿದ್ದೆ. ಶಂಕರಪುರದಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡಕ, ಪೆರ್ಡೂರು ದಾಟಿ ಹೆಬ್ರಿಗೆ ಇನ್ನೊಂದು ಬಸ್ಸು, ಅಲ್ಲಿಂದ ರಿಕ್ಷಾ. ಆ ಬಿಸಿಲಿನಲ್ಲಿ ಇಷ್ಟು ದೂರ ಅವರನ್ನು ಎಳೆದು ತಂದದ್ದು ನಾನು ಬರೆದ ಆ ಎರಡು ಸಾಲು.

ಹುಡುಗ ಪಂಪಿನ ಬಳಿ ಕೂತು ಮೋಟಾರಿನ ಮೇಲೆ ಕೈಯಾಡಿಸಿದ. "ವೈಂಡಿಂಗ್ ಎಷ್ಟು ಸಲ ಆಗಿದೆ ಮಾಷ್ಟ್ರೆ?" ಅಂತ ಕೇಳಿದ. ಎರಡು ಸಲ ಅಂದೆ. ಬೇಸಿಗೆಯಲ್ಲಿ ನಮ್ಮ ಕಡೆ ವೋಲ್ಟೇಜು ಇಳಿದು ಇಳಿದು ಕಾಯಿಲು ಸುಡುವುದು ಹೊಸತೇನೂ ಅಲ್ಲ. ಅವನು ತಾಯಿಯ ಮುಖ ನೋಡಿದ. ಆಕೆ ಸಿಟ್ಟು ಮಾಡಲಿಲ್ಲ. "ಫೋನಿನಲ್ಲಿ ಈ ಒಂದು ಮಾತು ಹೇಳಿದ್ದರೆ ನಾವು ಬಸ್ಸು ಹತ್ತುತ್ತಿರಲಿಲ್ಲ ಮಾಷ್ಟ್ರೆ" ಅಂದರು. ಅಷ್ಟಕ್ಕೆ ನಾನು ಎರಡು ಸಾವಿರ ಇಳಿಸಿದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಕ್ರಯದ ವಿಷಯ ಅಲ್ಲ. ಇನ್ನು ಎಂತೆಂತ ಉಂಟೋ, ನಮಗೆ ಹೇಗೆ ಗೊತ್ತಾಗಬೇಕು?"

ಬೆಲ್ಲ, ನೀರು ಕೊಟ್ಟೆವು, ಕುಡಿದರು. ಬಸ್ಸಿನ ಖರ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಅದೇ ರಿಕ್ಷಾದಲ್ಲಿ ತಿರುಗಿ ಹೋದರು.

ಎರಡು ದಿನ ನನ್ನೊಳಗೇ ವಾದ ನಡೆಯಿತು. ನಾನು ಸುಳ್ಳು ಹೇಳಿದ್ದೆನೇ? ಇಲ್ಲ. ಪಂಪು ನೀರೆತ್ತುತ್ತಿತ್ತು. ಕೇಳಿದಾಗ ಮುಚ್ಚಿಟ್ಟೆನೇ? ಅದೂ ಇಲ್ಲ. ಕೇಳಲಿಲ್ಲ, ಹೇಳಲಿಲ್ಲ, ಅಷ್ಟೇ. ಈ ಸಮಾಧಾನವನ್ನು ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಕಾನೂನು ಏನು ಹೇಳುತ್ತದೆ ನೋಡೋಣ ಎಂದು ಪುಸ್ತಕ ತೆರೆದೆ.

ನಮ್ಮ ದೇಶದ ಕರಾರು ಕಾಯ್ದೆ 1872ರದು. ಅದರ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಸುಮ್ಮನಿರುವುದಷ್ಟೇ ವಂಚನೆಯಾಗುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಇದೆ. ಉದಾಹರಣೆಗೆ ಒಂದು ಕುದುರೆಯನ್ನೂ ಕೊಟ್ಟಿದ್ದಾರೆ. ಒಬ್ಬ ತನ್ನ ಕುದುರೆಯನ್ನು ಏಲಂ ಹಾಕುತ್ತಾನೆ. ಕುದುರೆಗೆ ದೋಷವಿರುವುದು ಅವನಿಗೆ ಗೊತ್ತು. ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಅಂದರೆ ಕಾಯ್ದೆಯ ಲೆಕ್ಕದಲ್ಲಿ ನಾನು ಪಾರಾಗಿದ್ದೆ. ಆದರೆ ಅದರ ಬೆನ್ನಿಗೇ ಎರಡನೆಯ ಉದಾಹರಣೆ ಬರುತ್ತದೆ. ಕುದುರೆ ಕೊಳ್ಳುವವಳು ಅವನ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು. ಆಗ ದೋಷ ಹೇಳುವುದು ತಂದೆಯ ಕರ್ತವ್ಯ. ಮೂರನೆಯದರಲ್ಲಿ ಕೊಳ್ಳುವವನು ಹೇಳುತ್ತಾನೆ, "ನೀನು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ." ಆಮೇಲೂ ಮಾರುವವನು ಬಾಯಿ ಬಿಡದಿದ್ದರೆ ಆ ಮೌನವೇ ಮಾತು.

ನೂರೈವತ್ತು ವರ್ಷದ ಹಿಂದೆ ಆ ಕಾಯ್ದೆ ಬರೆದವರಿಗೆ ಕಣ್ಣ ಮುಂದೆ ಇದ್ದದ್ದು ಸಂತೆಯಲ್ಲಿ ನಿಂತ ಕುದುರೆ. ಕೊಳ್ಳುವವನು ಸುತ್ತು ಬರಬಹುದು, ಗೊರಸು ಎತ್ತಿ ನೋಡಬಹುದು, ಹಲ್ಲು ಎಣಿಸಬಹುದು. ಸುಮ್ಮನಿರುವ ಹಕ್ಕನ್ನು ಮಾರುವವನಿಗೆ ಕೊಟ್ಟದ್ದು ಆ ಕಾರಣಕ್ಕೆ ಇರಬೇಕು. 1930ರ ಸರಕು ಮಾರಾಟ ಕಾಯ್ದೆಯೂ ಸಾಮಾನ್ಯವಾಗಿ ಇದೇ ದಾರಿ ಹಿಡಿಯುತ್ತದೆ. ನೋಡಿ ಕೊಳ್ಳುವ ಹೊಣೆ ಕೊಳ್ಳುವವನದು. ಮೊಬೈಲಿನ ಪರದೆಯ ಮೇಲೆ ಹಾಗೆ ನೋಡುವುದಕ್ಕೆ ಏನುಂಟು? ಮೂರು ಫೋಟೊ, ನಾಲ್ಕು ಸಾಲು. ಮುಟ್ಟುವಂತಿಲ್ಲ, ಮೂಸುವಂತಿಲ್ಲ, ಚಾಲೂ ಮಾಡಿ ಶಬ್ದ ಕೇಳುವಂತಿಲ್ಲ. ಇಲ್ಲಿ ಕೊಳ್ಳುವವರ ಕಣ್ಣು, ಕೈ, ಕಿವಿ ಎಲ್ಲ ನಾವೇ, ಮಾರುವವರೇ. ಆದ್ದರಿಂದ ಆನ್‌ಲೈನಿನಲ್ಲಿ ಹಳೆಯ ವಸ್ತು ಕೊಳ್ಳಲು ಬರುವ ಪ್ರತಿಯೊಬ್ಬರೂ ಆ ಎರಡನೆಯ ಉದಾಹರಣೆಯ ಮಗಳೇ ಎಂದು ನಾನು ತೀರ್ಮಾನಿಸಿಕೊಂಡೆ. ಅವರು ಕೇಳಲಿ ಬಿಡಲಿ, ಹೇಳುವುದು ನಮ್ಮ ಪಾಲಿನ ಕೆಲಸ. ಹೇಳಬೇಕಾದದ್ದು ಅವರು ನಮ್ಮ ಅಂಗಳಕ್ಕೆ ಬಂದ ಮೇಲೂ ಅಲ್ಲ, ಬಸ್ಸು ಹತ್ತುವ ಮೊದಲು.

ಇದು ನಾನು ಹೊಸತಾಗಿ ಕಂಡುಕೊಂಡದ್ದಲ್ಲ, ಮರೆತದ್ದು. ನಮ್ಮ ಅಜ್ಜ ದನ ಮಾರುವಾಗ ನಾನು ಪಕ್ಕದಲ್ಲಿ ನಿಂತಿದ್ದೇನೆ. ಅಜೆಕಾರಿನ ಕಡೆಯಿಂದ ಒಬ್ಬರು ಬಂದಿದ್ದರು. ಅವರು ಕ್ರಯ ಕೇಳುವ ಮೊದಲೇ ಅಜ್ಜ, "ಇವಳು ಕರು ಕಟ್ಟದೆ ಹಾಲು ಇಳಿಸುವುದಿಲ್ಲ. ಸಂಜೆ ಕರೆಯುವಾಗ ಎಡಗಾಲು ಎತ್ತುತ್ತಾಳೆ. ಗುಡುಗಿಗೆ ಹೆದರಿ ಹಗ್ಗ ಹರಿಯುತ್ತಾಳೆ" ಅಂದರು. ಬಂದವರು ಸ್ವಲ್ಪ ಕಡಿಮೆಗೆ ಕೇಳಿದರು, ಅಜ್ಜ ಕೊಟ್ಟರು. ಎರಡು ವರ್ಷ ಬಿಟ್ಟು ಅದೇ ಮನುಷ್ಯ ಇನ್ನೊಂದು ಕಡಸು ಕೇಳಿಕೊಂಡು ಬಂದರು. ಈ ಸಲ ಚರ್ಚೆಯೇ ನಡೆಯಲಿಲ್ಲ. ಅಜ್ಜ ಹೇಳಿದ ಕ್ರಯ ಕೊಟ್ಟು ಹೊಡೆದುಕೊಂಡು ಹೋದರು.

ಇದರ ಹಿಂದಿನ ಲೆಕ್ಕವನ್ನು ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ ಒಂದು ಲೇಖನದಲ್ಲಿ ಬಿಡಿಸಿಟ್ಟಿದ್ದಾರೆ. ಹಳೆಯ ಕಾರುಗಳ ಪೇಟೆಯೇ ಅವರ ಉದಾಹರಣೆ. ಯಾವ ಕಾರು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಎಲ್ಲ ಕಾರಿಗೂ ನಡುವಿನ ಒಂದು ಬೆಲೆ ಕಟ್ಟುತ್ತಾನೆ. ಒಳ್ಳೆಯ ಕಾರಿನ ಯಜಮಾನನಿಗೆ ಆ ಬೆಲೆ ಗಿಟ್ಟುವುದಿಲ್ಲ, ಅವನು ಪೇಟೆಗೇ ಬರುವುದಿಲ್ಲ. ಉಳಿಯುವುದು ಕೆಟ್ಟ ಕಾರು. ಅದು ಕೊಳ್ಳುವವನಿಗೆ ತಿಳಿದರೆ ಬೆಲೆ ಇನ್ನೂ ಇಳಿಯುತ್ತದೆ. ಹೀಗೆ ಇಡೀ ಪೇಟೆಯೇ ಕುಸಿದುಹೋಗಬಹುದು. 2001ರಲ್ಲಿ ಅವರಿಗೆ ನೊಬೆಲ್ ಬಂತು. "ಇನ್ನು ಎಂತೆಂತ ಉಂಟೋ" ಎಂಬ ಶಂಕರಪುರದ ಆ ಅಕ್ಕನ ಒಂದೇ ಮಾತಿನಲ್ಲಿ ಆ ಲೇಖನ ಪೂರ್ತಿ ಇತ್ತು. ಎರಡು ಸಾವಿರ ಇಳಿಸಿದರೂ ಅವರು ಕೊಳ್ಳಲಿಲ್ಲ, ಯಾಕೆಂದರೆ ನಾನು ಒಡೆದದ್ದು ನಂಬಿಕೆಯನ್ನು. ಬೆಲೆ ಇಳಿಸಿ ಅದನ್ನು ಸೇರಿಸಲು ಆಗುವುದಿಲ್ಲ.

ದೂರದವರಿಗೆ ವಸ್ತು ಮಾರುವ ಅಂತರ್ಜಾಲದ ಒಂದು ಹೆಸರಾಂತ ತಾಣದ ವ್ಯಾಪಾರ ಶುರುವಾದದ್ದೇ ಒಂದು ಕೆಟ್ಟುಹೋದ ವಸ್ತುವಿನಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಮುಂದೆ ಇಬೇ ಎಂದು ಹೆಸರಾದ ಏಲಂ ತಾಣವನ್ನು ತೆರೆದಾಗ ಮೊದಲು ಮಾರಿದ್ದು ಒಂದು ಲೇಸರ್ ಪಾಯಿಂಟರ್. ಅದು ಕೆಟ್ಟಿತ್ತು, ಕೆಟ್ಟಿದೆ ಎಂದೇ ಬರೆದಿದ್ದರು. ಒಬ್ಬರು 14 ಡಾಲರು 83 ಸೆಂಟಿಗೆ ಹಿಡಿದರು. ಒಮಿಡ್ಯಾರ್‌ಗೆ ಸಮಾಧಾನವಾಗಲಿಲ್ಲ. ಇದು ಕೆಟ್ಟಿದೆ, ನಿಮಗೆ ಗೊತ್ತಿದೆಯಲ್ಲ ಎಂದು ಮತ್ತೆ ಬರೆದು ಕೇಳಿದರು. ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಸುವವನು ಎಂದು ಉತ್ತರ ಬಂತು. ಕೆಟ್ಟದ್ದಕ್ಕೂ ಬೇಕಾದವರು ಎಲ್ಲೋ ಇದ್ದಾರೆ, ಅದು ಕೆಟ್ಟಿದೆ ಎಂದು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುವುದು. ನನ್ನ ಪಂಪೂ ಕೊನೆಗೆ ಹೋಯಿತು. "ಎರಡು ಸಲ ವೈಂಡಿಂಗ್ ಆಗಿದೆ, ಬೇರಿಂಗು ಶಬ್ದ ಮಾಡುತ್ತದೆ, ಕ್ರಯ 3,000" ಎಂದು ಬರೆದ ಮೂರನೆಯ ದಿನ ಒಬ್ಬರು ಮೆಕ್ಯಾನಿಕ್ ಬಂದು ಒಯ್ದರು. ಅವರಿಗೆ ಬೇಕಾಗಿದ್ದದ್ದು ಪಂಪಿನ ಹೊರಮೈ ಮಾತ್ರ.

ಹಾಗಾದರೆ ಏನೇನು ಹೇಳಬೇಕು? ಅದು ಊರಿನಿಂದ ಊರಿಗೆ ಬೇರೆ. ವಸ್ತು ಯಾವ ಗಾಳಿಯಲ್ಲಿ ಬಾಳಿತು ಎಂಬುದು ಮುಖ್ಯ. ಕಾಪು, ಮಲ್ಪೆಯ ಕಡಲ ಬದಿಯ ಮನೆಯಲ್ಲಿದ್ದ ಸ್ಕೂಟರಿನ ಸೈಲೆನ್ಸರ್, ಎಸಿಯ ಹೊರಗಿನ ಪೆಟ್ಟಿಗೆ, ಕಬ್ಬಿಣದ ಕಪಾಟಿನ ತಳ, ಇವನ್ನು ಉಪ್ಪುಗಾಳಿ ತಿಂದಿರುತ್ತದೆ. ಮೇಲೆ ಬಣ್ಣ ಬಳಿದರೆ ಫೋಟೊದಲ್ಲಿ ಕಾಣುವುದಿಲ್ಲ. ಆಗುಂಬೆಯ ಬುಡದಲ್ಲಿರುವ ನಮಗೆ ಉಪ್ಪಿನ ಕಾಟವಿಲ್ಲ, ಶೀತದ್ದು ಉಂಟು. ನಾಲ್ಕು ತಿಂಗಳ ಮಳೆಯಲ್ಲಿ ಹಾಸಿಗೆಗೆ ಬೂಸಲು, ಪ್ಲೈವುಡ್ಡಿನ ಮೇಜಿಗೆ ಉಬ್ಬು, ಕ್ಯಾಮೆರಾದ ಗಾಜಿನೊಳಗೆ ಜೇಡನ ಬಲೆಯಂಥ ಶಿಲೀಂಧ್ರ. ಮಳೆ ಹಿಡಿಯುವ ಮೊದಲಿನ ಸಿಡಿಲಿಗೆ ಟಿವಿ, ಮೋಡೆಮ್, ಇನ್ವರ್ಟರಿನ ಬೋರ್ಡು ಸುಡದ ಮನೆ ನಮ್ಮಲ್ಲಿ ಕಡಿಮೆ. ಸಿಡಿಲಿಗೆ ಸುಟ್ಟು ರಿಪೇರಿಯಾದ ಟಿವಿಯನ್ನು "ಸಿಡಿಲಿಗೆ ಸುಟ್ಟದ್ದು, ಬೋರ್ಡು ಬದಲಾಗಿದೆ" ಎಂದೇ ಮಾರಬೇಕು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಕಲ್ಸಂಕ, ಬನ್ನಂಜೆಯ ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ನೆರೆಯ ನೀರಿನಲ್ಲಿ ನಿಂತ ವಾಷಿಂಗ್ ಮಷೀನು, ಫ್ರಿಜ್ಜು, ಬೈಕು ಒಣಗಿದ ಮೇಲೆ ನಡೆಯಬಹುದು. ಆರು ತಿಂಗಳಿಗೋ ವರ್ಷಕ್ಕೋ ಒಳಗಿನ ತಂತಿ ಕಿಲುಬು ಹಿಡಿದು ಶಾಕ್ ಹೊಡೆಯಲೂಬಹುದು. ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದು ಮಾರುವವರಿಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ನುಂಗಿಕೊಳ್ಳುವುದು ಜೀವದ ಜೊತೆ ಆಡಿದಂತೆ.

ಅಡಿಕೆ ತೋಟದವರು ಈಗ ಮರ ಹತ್ತುವ ಬದಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿಯಲ್ಲಿ ಔಷಧ ಬಿಡುತ್ತಾರೆ, ಗೊನೆ ಕೊಯ್ಯುತ್ತಾರೆ. ಹೊಸದಕ್ಕೆ ಬಹಳ ಕ್ರಯವಾದ್ದರಿಂದ ಹಳೆಯದು ಕೈಬದಲಾಗುತ್ತಲೇ ಇರುತ್ತದೆ. ಕೀಲಿನ ಬಳಿ ಕೂದಲೆಳೆಯ ಬಿರುಕಿದ್ದರೂ ಹೇಳಬೇಕು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಕರೆಂಟಿನ ತಂತಿಯ ಹತ್ತಿರ ಎತ್ತಬೇಡಿ ಎಂಬ ಎಚ್ಚರಿಕೆಯನ್ನು ದೋಟಿಯ ಜೊತೆಗೇ ಕೊಡಬೇಕು. ಹೊಸದು ಕೊಂಡಾಗ ಅಂಗಡಿಯವರು ನಮಗೆ ಹೇಳಿದ್ದನ್ನು ನಾವು ಮುಂದಿನವರಿಗೆ ದಾಟಿಸದಿದ್ದರೆ ಆ ಸರಪಳಿ ನಮ್ಮಲ್ಲಿಗೆ ಕಡಿಯುತ್ತದೆ.

ಇನ್ನು ಕೆಲವನ್ನು ಮಾರಲೇಬಾರದು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲು ಜಜ್ಜಿರುತ್ತದೆ, ಎರಡನೆಯ ಪೆಟ್ಟಿಗೆ ಅದು ತಲೆ ಕಾಯುವುದಿಲ್ಲ. ಅದರ ಪಟ್ಟಿ ಕತ್ತರಿಸಿ ಗುಜರಿಗೆ ಹಾಕಿ. ಗ್ಯಾಸಿನ ಒಲೆ ಮಾರಬಹುದು, ಸಿಲಿಂಡರು ಕಂಪೆನಿಯ ಸ್ವತ್ತು, ಅದನ್ನು ಮಾರುವಂತಿಲ್ಲ. ಹಳೆಯ ಮನೆ ಕೆಡವುವಾಗ ಸಿಗುವ ಲೋಹದ ಮೂರ್ತಿ, ಭೂತದ ಮುಖವಾಡ ನೂರು ವರ್ಷ ದಾಟಿದ್ದಾದರೆ ಆ ವ್ಯಾಪಾರ 1972ರ ಪ್ರಾಚ್ಯವಸ್ತು ಕಾಯ್ದೆಯ ಅಡಿಗೆ ಬರುತ್ತದೆ. ಫೋಟೊ ಹಾಕುವ ಮೊದಲು ಪುರಾತತ್ತ್ವ ಇಲಾಖೆಯನ್ನು ವಿಚಾರಿಸಬೇಕು.

ಫೋಟೊದ ಬಗ್ಗೆ ನನಗೆ ಸ್ವಲ್ಪ ಹಟ ಉಂಟು. ಕಂಪೆನಿಯ ಹೊಸ ಮಾಲಿನ ಚಿತ್ರವನ್ನು ಇಳಿಸಿಕೊಂಡು ಹಳೆಯದರ ಮೇಲೆ ಅಂಟಿಸುವುದು ಸುಳ್ಳು ಹೇಳಿದ್ದಕ್ಕೆ ಸಮ. ವಸ್ತುವನ್ನು ಅಂಗಳಕ್ಕೆ ತಂದು ಬೆಳಗಿನ ಬೆಳಕಿನಲ್ಲಿ ತೆಗೆಯಬೇಕು. ನಾಲ್ಕೂ ಬದಿ, ತಳ, ಹಿಂದಿನ ನಂಬರಿನ ಪಟ್ಟಿ. ಗೀರು, ಬಿರುಕು, ತುಕ್ಕು ಎಲ್ಲಿದೆಯೋ ಅಲ್ಲಿಗೆ ಹತ್ತಿರದಿಂದ ಒಂದು, ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು. ಒರೆಸಿ ಶುಚಿ ಮಾಡುವುದು ಮರ್ಯಾದೆ, ಎಣ್ಣೆ ಹಚ್ಚಿ ಗೀರು ಮುಚ್ಚುವುದು ಮೋಸ. ಇವೆರಡರ ನಡುವಿನ ಗೆರೆ ಸಣ್ಣದು. ಅದನ್ನು ದಾಟಿದವನಾದ್ದರಿಂದ ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಯಂತ್ರವಾದರೆ ಚಾಲೂ ಮಾಡಿ ಅರ್ಧ ನಿಮಿಷದ ವಿಡಿಯೊ ಕಳಿಸಿ, ಶಬ್ದ ಕೇಳಲಿ.

ಕ್ರಯವನ್ನು ಬರೆದೇಬಿಡಬೇಕು. "ಕ್ರಯಕ್ಕೆ ಫೋನ್ ಮಾಡಿ" ಎನ್ನುವುದು ಎದುರಿನವರ ಗರಜು ಅಳೆದು ಕತ್ತರಿ ಹಾಕುವ ಉಪಾಯ. ಕ್ರಯ ಕಟ್ಟುವಾಗ ನಮ್ಮ ಮಮತೆಯನ್ನು ಅದರಲ್ಲಿ ಸೇರಿಸಬಾರದು, ಇದು ಬಹಳ ಕಷ್ಟದ ಕೆಲಸ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಲೋಟ ಕೊಟ್ಟರು. ಇದೀಗ ಕೈಗೆ ಬಂದ ಲೋಟ. ಆದರೂ ಅದನ್ನು ಮಾರಲು ಅವರು ಕೇಳಿದ ಬೆಲೆ, ಲೋಟ ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು. ಹತ್ತು ನಿಮಿಷದ ಲೋಟಕ್ಕೇ ಹೀಗಾದರೆ ಅಮ್ಮ ಮೂವತ್ತು ವರ್ಷ ತುಳಿದ ಹೊಲಿಗೆ ಯಂತ್ರಕ್ಕೆ ನಾವೆಷ್ಟು ಕಟ್ಟಬಹುದು? ಅಮ್ಮನ ಕಾಲಿನ ನೆನಪು ನಮ್ಮದು, ಕೊಳ್ಳುವವರಿಗೆ ಸಿಗುವುದು ಯಂತ್ರ ಮಾತ್ರ. ಕೊಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಳ್ಳಬೇಕು. ನಮ್ಮ ಮನೆಯದು ಇನ್ನೂ ಚಾವಡಿಯಲ್ಲೇ ಇದೆ.

ಚರ್ಚೆ ಮಾಡುವವರ ಮೇಲೆ ಸಿಟ್ಟಾಗುವುದೂ ಸರಿಯಲ್ಲ. "ಕಡೆಗೆ ಎಷ್ಟಕ್ಕೆ ಕೊಡುತ್ತೀರಿ" ಎಂದು ಕೇಳುವುದು ಅವರ ಹಕ್ಕು. ಇಳಿಸಲಾಗದಿದ್ದರೆ ಇಳಿಸಲಾಗುವುದಿಲ್ಲ ಎಂದರೆ ಮುಗಿಯಿತು. ಆದರೆ ಒಬ್ಬರಿಗೆ ಒಂದು ಕ್ರಯಕ್ಕೆ ಒಪ್ಪಿ, "ನಾಳೆ ಬನ್ನಿ" ಅಂದ ಮೇಲೆ, ರಾತ್ರಿ ಇನ್ನೊಬ್ಬರು 500 ಹೆಚ್ಚು ಕೊಡುತ್ತೇನೆಂದರೆ ಕೊಡಬಾರದು. ಮುಂಗಡ ಕೊಟ್ಟಿಲ್ಲವಲ್ಲ ಎಂಬುದು ನೆಪ. ಅವರು ರಜೆ ಹಾಕಿರಬಹುದು, ಪಿಕಪ್ ಗಾಡಿಗೆ ಹೇಳಿರಬಹುದು. ಇಂಥ ದಿನದವರೆಗೆ ಇಡುತ್ತೇನೆ, ಆಮೇಲೆ ಇನ್ನೊಬ್ಬರಿಗೆ ಎಂದು ಮೊದಲೇ ಗಡುವು ಹೇಳಿದರೆ ಇಬ್ಬರಿಗೂ ಹಗುರ. ಮಾರಿಹೋದ ಕೂಡಲೇ ಜಾಹೀರಾತು ತೆಗೆಯುವುದನ್ನೂ ನಾವು ಅಲಕ್ಷ್ಯ ಮಾಡುತ್ತೇವೆ. ಮಾರಿ ಆರು ತಿಂಗಳಾದ ಟಿಲ್ಲರಿಗೆ ತೀರ್ಥಹಳ್ಳಿಯಿಂದ ಫೋನು ಬರುತ್ತಲೇ ಇರುತ್ತದೆ. ಪ್ರತಿ ಫೋನಿನ ಹಿಂದೆಯೂ ಒಬ್ಬರ ಆಸೆ ಇರುತ್ತದೆ.

ಮೊಬೈಲ್ ಫೋನು ಮಾರುವವರು ಒಂದು ಕೆಲಸ ಮರೆಯಬಾರದು. ಗೂಗಲ್ ಖಾತೆಯಿಂದ ಹೊರಗೆ ಬಂದು, ಆಮೇಲೆ ಫೋನನ್ನು ರೀಸೆಟ್ ಮಾಡಿ ಕೊಡಬೇಕು. ಹಾಗಲ್ಲದೆ ಅಳಿಸಿದರೆ ಕೊಂಡವರು ಮನೆಗೆ ಹೋಗಿ ತೆರೆದಾಗ ಅದು ಹಳೆಯ ಯಜಮಾನರ ಪಾಸ್‌ವರ್ಡ್ ಕೇಳಬಹುದು, ಆಗ ಫೋನು ಕಲ್ಲಾಗುತ್ತದೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನೂ ಬಿಲ್ಲನ್ನೂ ಕೊಳ್ಳುವವರು ಕೇಳುವ ಮೊದಲೇ ತೋರಿಸಿ. 2023ರಲ್ಲಿ ಶುರುವಾದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಹಾಕಿ, ಕದ್ದ ಫೋನೆಂದು ನಿರ್ಬಂಧಿಸಿದ್ದೇ ಎಂದು ಅವರು ನೋಡಿಕೊಳ್ಳಬಹುದು.

ವಾಹನದ ಮಾತು ಬೇರೆಯೇ. ಬೈಕು ಕೊಟ್ಟು, ದುಡ್ಡು ಎಣಿಸಿ, "ಆರ್‌ಸಿ ಆಮೇಲೆ ಮಾಡಿಸಿಕೊಳ್ಳಿ" ಎಂದು ಕಳಿಸುವುದು ನಮ್ಮಲ್ಲಿ ಬಹಳ ರೂಢಿ. ಮಾರಿದವರು 14 ದಿನದೊಳಗೆ 29ನೇ ನಮೂನೆಯಲ್ಲಿ ಆರ್‌ಟಿಓಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಮತ್ತು ನಿಯಮಗಳಲ್ಲೇ ಇದೆ. ಮಾರಿದ ಗಾಡಿ ಅಪಘಾತ ಮಾಡಿದರೆ, ದಾಖಲೆಯಲ್ಲಿ ಯಾರ ಹೆಸರು ಉಂಟೋ ಅವರೇ ಯಜಮಾನರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆದ್ದರಿಂದ ಕೊಳ್ಳುವವರನ್ನು ಕರೆದುಕೊಂಡು ಹೋಗಿ ಸಹಿ ಹಾಕಿ ಬರುವುದು ಅವರಿಗೆ ಮಾಡುವ ಉಪಕಾರ ಮಾತ್ರವಲ್ಲ, ನಮ್ಮ ರಕ್ಷಣೆಯೂ ಹೌದು.

ಮಿಕ್ಕ ವಸ್ತುಗಳ ಮಟ್ಟಿಗೆ ಕಾನೂನು ಅಷ್ಟಾಗಿ ನಮ್ಮ ಮನೆಯೊಳಗೆ ಬರುವುದಿಲ್ಲ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳೂ, ವ್ಯಾಪಾರವನ್ನೇ ಕಸುಬು ಮಾಡಿಕೊಳ್ಳದೆ ಸ್ವಂತದ್ದನ್ನು ಮಾರುವ ಸಾಮಾನ್ಯ ಮನುಷ್ಯನನ್ನು ಹೊರಗಿಟ್ಟಿವೆ. ಶಂಕರಪುರದ ಆ ಅಕ್ಕ ಪಂಪು ಕೊಂಡು ಮೋಸಹೋಗಿದ್ದರೆ ಅಂಗಡಿಯವರ ಮೇಲೆ ಹಾಕುವಂತೆ ನನ್ನ ಮೇಲೆ ದೂರು ಹಾಕುವುದು ಸುಲಭವಿರಲಿಲ್ಲ. ಹೀಗೆ ಕಾನೂನು ಕೈಬಿಟ್ಟ ಜಾಗದಲ್ಲಿ ಅವರಿಗೆ ಇರುವ ಆಸರೆ ನಮ್ಮ ನಡತೆ ಒಂದೇ.

ಮಣಿಪಾಲದಲ್ಲಿ ಪ್ರತಿವರ್ಷ ಓದು ಮುಗಿಸಿ ಹೊರಡುವ ಮಕ್ಕಳು ಹಾಸಿಗೆ, ಮೇಜು, ಕೆಟಲ್, ಸೈಕಲ್ಲುಗಳನ್ನು ಮೊಬೈಲಿನಲ್ಲಿ ಮಾರಿ ಊರಿಗೆ ಹೋಗುತ್ತಾರೆ. ನನ್ನ ತಂಗಿಯ ಮಗಳು ಅಲ್ಲಿ ಸೇರಿದ ವರ್ಷ ಅಂಥದೊಂದು ಸೈಕಲ್ಲು ಕೊಂಡಳು. ಮಾರಿದ ಹುಡುಗಿ ಉತ್ತರದ ಕಡೆಯವಳು, ಮರುದಿನ ರೈಲು ಹಿಡಿಯುವವಳು. ಇನ್ನು ಈ ಊರಿಗೆ ಬರುತ್ತಾಳೋ ಇಲ್ಲವೋ. ಆದರೂ ಸೀಟಿಗೆ ಒಂದು ಚೀಟಿ ಅಂಟಿಸಿದ್ದಳು. ಹಿಂದಿನ ಬ್ರೇಕಿನ ರಬ್ಬರು ಹೊಸದು, ಮೂರನೆಯ ಗಿಯರಿನಲ್ಲಿ ಚೈನು ಜಾರುತ್ತದೆ, ಬೀಗಕ್ಕೆ ಒಂದೇ ಕೀಲಿಕೈ, ಇನ್ನೊಂದು ಕಳೆದಿದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಿಡು. ನಾಲ್ಕು ವರ್ಷ ಕಳೆದು ತಂಗಿಯ ಮಗಳು ಅದೇ ಸೈಕಲ್ಲು ಮಾರುವಾಗ ಆ ಚೀಟಿಯ ಕೆಳಗೆ ತಾನೂ ಮೂರು ಸಾಲು ಸೇರಿಸಿ ಕೊಟ್ಟಳು. ಅದೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವುವ ಹಳೆಯ ಮನೆಗಳನ್ನು ತಂದು ಮತ್ತೆ ಕಟ್ಟಿ ನಿಲ್ಲಿಸಿದ ಹಸ್ತಶಿಲ್ಪದ ಊರನ್ನು ನೀವು ನೋಡಿರಬಹುದು. ಮಿಯಾರಿನ ಮನೆ, ಹರ್ಕೂರಿನ ಮನೆ ಎಂದು ಎಲ್ಲಿಂದ ಬಂತೋ ಆ ಹೆಸರಿನಿಂದಲೇ ಅವು ನಿಂತಿವೆ. ವಸ್ತುವಿನ ಜೊತೆ ಅದರ ಕಥೆಯೂ ಹೋಗಬೇಕೆನ್ನುವುದಕ್ಕೆ ನನಗೆ ಆ ಮನೆಗಳೂ ಸಾಕ್ಷಿ, ಸೈಕಲ್ಲಿನ ಚೀಟಿಯೂ ಸಾಕ್ಷಿ.

ಮಾರುವವರು ಎಚ್ಚರ ತಪ್ಪಬೇಕೆಂದು ನಾನು ಹೇಳುತ್ತಿಲ್ಲ. ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿದರೆ ನಿಮಗೆ ದುಡ್ಡು ಬರುತ್ತದೆ ಎನ್ನುವವರು ಕಳ್ಳರು. ದುಡ್ಡು ಪಡೆಯುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಮೋಸಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ. ಅಪರಿಚಿತರನ್ನು ಮನೆಗೆ ಕರೆಯಲು ಅಂಜಿಕೆಯಾದರೆ ಹೆಬ್ರಿಯ ಬಸ್ ನಿಲ್ದಾಣದ ಬಳಿ ಹಗಲು ಹೊತ್ತಿನಲ್ಲಿ ಭೇಟಿಯಾಗಿ. ಮನೆಗೇ ಬರುವುದಾದರೆ ಬರುವವರಿಗೆ ನಮ್ಮ ದಾರಿಯ ಕಷ್ಟ ತಿಳಿಸಿ. ಕಬ್ಬಿನಾಲೆ, ನಾಡ್ಪಾಲಿನ ಕಡೆಗೆ ಹೋದಂತೆ ಸಿಗ್ನಲ್ ಹೋಗುತ್ತದೆ, ನಕ್ಷೆ ನಿಲ್ಲುತ್ತದೆ, ಗೂಗಲ್ ಪೇ ನಡೆಯುವುದಿಲ್ಲ. ನಗದು ತನ್ನಿ ಎಂದು ಮೊದಲೇ ಹೇಳದಿದ್ದರೆ ಅವರು ಎಟಿಎಂ ಹುಡುಕಿ ಮತ್ತೆ ಪೇಟೆಗೆ ಹೋಗಬೇಕು. ಬಂದವರು ನೋಡಿ ಬೇಡ ಅಂದರೆ ಮುಖ ಸಣ್ಣದು ಮಾಡಬೇಡಿ. ನಾವು ಹೇಳದೆ ಬಿಟ್ಟ ಕಾರಣಕ್ಕೆ ಬೇಡ ಅಂದಿದ್ದರೆ ಅವರ ಬಸ್ಸಿನ ಖರ್ಚು ನಮ್ಮದು. ಮಾರಿ ಒಂದು ವಾರವಾದ ಮೇಲೆ ಅವರು ಫೋನ್ ಮಾಡಿದರೆ ಎತ್ತಬೇಕು. ಹೆಚ್ಚಿನ ಸಲ ಅವರು ಕೇಳುವುದು ಯಾವ ಬೆಲ್ಟು ತರಬೇಕು, ಎಷ್ಟು ಎಣ್ಣೆ ಬಿಡಬೇಕು ಎಂದು ಮಾತ್ರ.

ಶಂಕರಪುರದ ಆ ನಂಬರು ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ಅವರಿಗೆ ಮತ್ತೆ ಫೋನ್ ಮಾಡುವ ಧೈರ್ಯ ಬಂದಿಲ್ಲ. ಏನಾದರೂ ಮಾರಲು ಬರೆದಾಗ ಮಾತ್ರ, ಆ ಅಕ್ಕ ಇದನ್ನು ಓದಿ ಬಸ್ಸು ಹತ್ತುತ್ತಿದ್ದರೇ, ಹತ್ತಿ ಬಂದರೆ ನನ್ನ ಅಂಗಳದಲ್ಲಿ ಅವರಿಗೆ ಹೊಸತಾಗಿ ಏನಾದರೂ ಗೊತ್ತಾಗುತ್ತಿತ್ತೇ ಎಂದು ಒಮ್ಮೆ ಓದಿ ನೋಡುತ್ತೇನೆ. ಮೊನ್ನೆ ಬರೆದದ್ದು ಹೀಗಿದೆ:

"ಅಡಿಕೆ ಸುಲಿಯುವ ಯಂತ್ರ. ಏಳು ವರ್ಷ ಹಳೆಯದು, ಬಿಲ್ಲು ಇದೆ. ಎರಡು ಮಳೆಗಾಲ ಹೊರಗಿನ ಕೊಟ್ಟಿಗೆಯಲ್ಲಿತ್ತು, ತಳದ ಎಡಗಾಲಿಗೆ ತುಕ್ಕು, ಫೋಟೊ ನಾಲ್ಕು ನೋಡಿ. ಮೋಟಾರು ಒಮ್ಮೆ ವೈಂಡಿಂಗ್ ಆಗಿದೆ. ಸಣ್ಣ ಅಡಿಕೆಯಾದರೆ ಕೆಲವು ಒಡೆಯುತ್ತವೆ, ದೊಡ್ಡದು ಚೆನ್ನಾಗಿ ಬರುತ್ತದೆ. ಬೆಲ್ಟು ಮುಂದಿನ ವರ್ಷ ಬದಲಿಸಬೇಕಾದೀತು. ಕ್ರಯ 9,000, ಸ್ವಲ್ಪ ಚರ್ಚೆಗೆ ಜಾಗ ಉಂಟು. ಇಳಿಸಿ ಹೇರಲು ಇಬ್ಬರು ಬೇಕು, ಒಬ್ಬ ನಾನಿದ್ದೇನೆ. ಹೊರಡುವ ಮೊದಲು ಫೋನ್ ಮಾಡಿ, ಯಂತ್ರ ಇದೆಯೋ ಹೋಯಿತೋ ಹೇಳುತ್ತೇನೆ."